ವಿಶಾಲಾಕ್ಷಿಯವರ ಮಾಳಿಗೆಯ ತಿಳಿನೀರು

ನೀಲಿ ಪ್ಲಾಸ್ಟಿಕ್ ಹಾಳೆಗಳನ್ನು ಬಿಸಿ ಅಚ್ಚಿನ ಕೆಳಗೆ ಒತ್ತಿ ಅಂಟಿಸುವ ಯಾವುದೋ ದೂರದ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಆದರೆ ಅಲ್ಲಿ ನಾನು ಪೆಟ್ಟಿಗೆಯೊಳಗೆ ಮಡಿಸಿಟ್ಟ ಒಂದು ಹಾಳೆ, ಅಷ್ಟೆ. ನನಗೆ ಮೈ ಬಂದದ್ದು ಹೊಸಪೇಟೆಯ ಒಂದು ಮನೆಯ ಮಾಳಿಗೆಯ ಮೇಲೆ, ಪಂಪಾಪತಿ ಎಂಬುವರ ಉಸಿರಿನಿಂದ. ಗಾಳಿ ಹೊಡೆಯುವ ಪಂಪು ತರುವುದನ್ನು ಮರೆತಿದ್ದ ಅವರು ಬಾಯಿಂದಲೇ ಊದಿದರು. ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ನಡುನಡುವೆ ನೀರಿನ ಟ್ಯಾಂಕಿಗೆ ಒರಗಿ ದಣಿವಾರಿಸಿಕೊಂಡು ಮತ್ತೆ ಊದಿದರು. ಮಗಳು ಇಂಚರ ಸುತ್ತ ಕುಣಿಯುತ್ತಿದ್ದಳು. ನಾನು ದುಂಡಗೆ ಎದ್ದು ನಿಂತಾಗ ಅವಳು ನನ್ನನ್ನು ತಬ್ಬಿಕೊಂಡಳು. ಮಕ್ಕಳು ನೀರು ತುಂಬಿಸಿ ಆಡುವ ನನ್ನನ್ನು ಮನೆಯವರು ‘ಪೂಲ್’ ಎಂದು ಕರೆದರು.

ಆ ಊರಿನ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಬರಿಗಾಲಿಡುವಂತಿಲ್ಲ. ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ. ಒಮ್ಮೆ ತುಂಬಿಸಿದ ನೀರು ನನ್ನಲ್ಲಿ ದಿನಗಟ್ಟಲೆ ನಿಲ್ಲಬೇಕಿತ್ತು. ಮೊದಲ ಸಲವೇ ನೀರು ಮಬ್ಬಾಯಿತು, ಅಂಚಿಗೆಲ್ಲ ಲೋಳೆ ಕಟ್ಟಿತು. ಇಂಚರಳ ಕಣ್ಣು ಕೆಂಪಾಗಿ ಊದಿಕೊಂಡಿತು. ಕಿವಿನೋವಿಗೆ ಅವಳು ರಾತ್ರಿಯಿಡೀ ಅತ್ತಳಂತೆ. "ನಿಂತ ನೀರಮ್ಮ, ಚೊಕ್ಕ ಇಟ್ಕೊಳ್ಳದಿದ್ರೆ ಹೀಗೇ," ಎಂದರಂತೆ ಡಾಕ್ಟರು.

ಅಂದಿನಿಂದ ತಾಯಿ ವಿಶಾಲಾಕ್ಷಿ ನನ್ನ ನೀರಿನ ಬೆನ್ನು ಹತ್ತಿದರು. ಆಡಿದ ಮೇಲೆ ನನಗೆ ಹೊದಿಕೆ ಹಾಕಿ ಅಂಚಿಗೆ ಇಟ್ಟಿಗೆ ಇಟ್ಟರು. ಬೇವಿನ ಎಲೆ, ಸತ್ತ ಇರುವೆ ತೆಗೆಯಲು ಹಿಟ್ಟಿನ ಜರಡಿಯೊಂದನ್ನು ಮೀಸಲಿಟ್ಟರು. ತಲೆಗೆ ಎಣ್ಣೆ ಹಚ್ಚಿಕೊಂಡು ಇಳಿಯುವಂತಿಲ್ಲ. ಇಳಿಯುವ ಮುಂಚೆ ಬಕೆಟ್ಟಿನಲ್ಲಿ ಕಾಲು ತೊಳೆಯಲೇಬೇಕು. ಸಂಜೆ ಚಿಟಿಕೆ ಬ್ಲೀಚಿಂಗ್ ಪುಡಿಯನ್ನು ಬೇರೆ ನೀರಿನಲ್ಲಿ ಕರಗಿಸಿ, ತಿಳಿಯನ್ನಷ್ಟೇ ಸುರಿಯುತ್ತಿದ್ದರು. ತಳದಲ್ಲಿ ಬಿದ್ದ ಒಂದು ಕೂದಲು ಕಂಡರೂ ಅವರಿಗೆ ಸಮಾಧಾನವಿಲ್ಲ. ಕೆಟ್ಟ ಹೆಂಗಸಲ್ಲ ಅವರು. ಒಬ್ಬಳೇ ಮಗಳು, ಅವಳ ಅಳು ಕೇಳಿ ಬೆದರಿದ ತಾಯಿ.

ನೀರು ಚೆಲ್ಲಿದ ದಿನ ನನ್ನನ್ನು ತಿಕ್ಕುತ್ತಿದ್ದವಳು ಹುಲಿಗೆಮ್ಮ. ಆ ಮನೆಯ ಪಾತ್ರೆ, ಬಟ್ಟೆ ತೊಳೆಯುತ್ತಿದ್ದವಳಿಗೆ ನಾನೊಂದು ಹೆಚ್ಚಿನ ಕೆಲಸವಾದೆ. ಮೆತ್ತನೆಯ ಬಟ್ಟೆಯಲ್ಲಿ ನನ್ನ ಮಡಿಕೆಮಡಿಕೆಯ ಲೋಳೆಯನ್ನು ಅವಳು ಒರೆಸುವಾಗ ನನಗೆ ಎಣ್ಣೆಸ್ನಾನದ ಸುಖ. ರಜೆಯಾದ್ದರಿಂದ ಮಗಳು ಹೊನ್ನೂರಿಯೂ ಅವಳ ಜೊತೆ ಬರುತ್ತಿದ್ದಳು. ಇಂಚರಳದೇ ವಯಸ್ಸು. ಇಬ್ಬರೂ ಟ್ಯಾಂಕಿನ ನೆರಳಿನಲ್ಲಿ ಗಜ್ಜುಗ ಆಡುತ್ತಿದ್ದರು. ಇಂಚರ ನೀರಿಗಿಳಿದ ಕೂಡಲೇ ಹೊನ್ನೂರಿ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ವಿಶಾಲಾಕ್ಷಿ ಕೆಳಗೆ ಮಲಗಿದ್ದಾಗ ನೀರಿನಲ್ಲಿದ್ದ ಇಂಚರ ಹೊನ್ನೂರಿಯನ್ನು ಕರೆದಳು. ಹೊನ್ನೂರಿ ಬಕೆಟ್ಟಿನಲ್ಲಿ ಕಾಲು ತೊಳೆದಳು. ಅಂಗಾಲನ್ನು ನೋಡಿಕೊಂಡು ಮತ್ತೆ ತೊಳೆದಳು. ಆಮೇಲೆ ಲಂಗ ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದಳು. ಮೊದಲು ಕುಳಿತಳು, ಆಮೇಲೆ ಅಂಗಾತ ಮಲಗಿ ಕಿವಿಯವರೆಗೂ ಮುಳುಗಿದಳು.

"ಇಂಚರಾ, ಏನರ ಮಾತಾಡು," ಎಂದಳು. "ನೀರಾಗ ನಿನ್ನ ದನಿ ಬ್ಯಾರೇನ ಕೇಳ್ತೈತಿ!"

ಇಬ್ಬರೂ ನಕ್ಕರು. ನನ್ನ ಇಡೀ ಬಾಳಿನಲ್ಲಿ ನನ್ನ ಒಳಗೆ ಎದ್ದ ಅತಿ ದೊಡ್ಡ ನಗು ಅದು. ಅದಕ್ಕೇ ವಿಶಾಲಾಕ್ಷಿಗೆ ಎಚ್ಚರವಾಯಿತು.

ಮೇಲೆ ಬಂದ ಅವರು ಬೈಯಲಿಲ್ಲ. "ಹೊರಗೆ ಬಾ ಹೊನ್ನೂರಿ," ಎಂದರು ಮೆತ್ತಗೆ. "ನೀರು ಹೊಲಸಾದ್ರೆ ಇವಳಿಗೆ ಕಿವಿ ನೋಯ್ತದೆ. ಚೆಲ್ಲೋ ದಿನ ಹೇಳ್ತೀನಿ, ಅವತ್ತು ಎಷ್ಟು ಬೇಕಾದ್ರೂ ಆಡು, ಆಯ್ತಾ?"

ಆಮೇಲೆ ಹುಲಿಗೆಮ್ಮನನ್ನು ಕರೆದು ನನ್ನ ಬಿರಡೆ ತೆಗೆಸಿದರು. ನೀರು ಹರಿದು ಮೋರಿಗೆ ಹೋಗತೊಡಗಿತು. ಮೈಗಂಟಿದ ಒದ್ದೆ ಲಂಗದಲ್ಲಿ ನಿಂತಿದ್ದ ಹುಡುಗಿ ತಾಯಿಯ ಸೆರಗೆಳೆದಳು.

"ಅವ್ವಾ, ಇವತ್ತ ಚೆಲ್ಲಾಕತ್ತಾರಲ್ಲ... ಮತ್ತ ನಾ ಆಡ್ಲೇನು?"

"ಸುಮ್ಕಿರು," ಎಂದಳು ಹುಲಿಗೆಮ್ಮ. ಅಂದು ಅವಳ ಕೈ ನನ್ನನ್ನು ತಿಕ್ಕಿದ ರಭಸಕ್ಕೆ ನನ್ನ ಮೈ ಉರಿಯಿತು.

ನಲ್ಲಿ ಬಂದ ದಿನ ಹೊಸ ನೀರು ತುಂಬಿತು. ಹೊನ್ನೂರಿ ಬಂದವಳೇ ಮೆಟ್ಟಿಲಿನಿಂದ ಕೇಳುತ್ತಿದ್ದಳು: "ಅಕ್ಕಾರೆ, ಇವತ್ತ ಚೆಲ್ತೀರೇನ್ರಿ?"

"ಇಲ್ಲಮ್ಮ, ಇನ್ನೂ ತಿಳಿಯಾಗೇ ಇದೆ."

ವಿಶಾಲಾಕ್ಷಿ ನೀರನ್ನು ಚೆನ್ನಾಗಿ ಕಾದಷ್ಟೂ ಆ ಹುಡುಗಿಯ ದಿನ ಮುಂದೆ ಮುಂದೆ ಹೋಯಿತು. ಒಂದು ಎಲೆಯಾದರೂ ಕೊಳೆಯಲಿ, ಗಾಳಿಯಾದರೂ ಧೂಳು ತರಲಿ ಎಂದು ನಾನು ಹಂಬಲಿಸಿದೆ. ಜರಡಿ ಬಂದು ಎಲ್ಲವನ್ನೂ ಬಳಿದುಕೊಂಡು ಹೋಗುತ್ತಿತ್ತು. ಕೊನೆಗೆ ಹೊನ್ನೂರಿ ಕೇಳುವುದನ್ನು ಬಿಟ್ಟಳು, ಬರುವುದನ್ನೂ ಬಿಟ್ಟಳು. ಅವರ ಓಣಿಯ ಮಕ್ಕಳೆಲ್ಲ ಸೆಕೆಗೆ ಕಾಲುವೆಗೆ ಹೋಗುತ್ತಿದ್ದರು.

ಒಂದು ದಿನ ಹುಲಿಗೆಮ್ಮ ಮಾಳಿಗೆಯ ಮೇಲೆ ಸೀರೆ ಹಿಂಡುತ್ತಿದ್ದಾಗ ಕೆಳಗಿನ ಬೀದಿಯಿಂದ ಗಂಡಸೊಬ್ಬ ಕೂಗಿದ. "ಹುಲಿಗೆವ್ವಾ, ಲಗೂನ ಕಾಲುವಿ ಕಡೆ ಬಾ! ನಿನ್ನ ಮಗಳು..." ಹಿಂಡಿದ ಸೀರೆ ಅವಳ ಕೈಯಿಂದ ಬಿತ್ತು. ಅವಳು ಮೆಟ್ಟಿಲಿಳಿದ ಸದ್ದು ಕೇಳಿತು, ಆಮೇಲೆ ಬೀದಿಯುದ್ದಕ್ಕೂ ಅವಳ ಕೂಗು. ಕಾಲುವೆಗೆ ಇಳಿಯುವ ಪಾವಟಿಗೆಯ ಪಾಚಿಗೆ ಹುಡುಗಿ ಕಾಲು ಜಾರಿದ್ದಳು. ಸೆಳೆತ ಜೋರಿತ್ತು. ಬಹಳ ದೂರ ಹೋಗಿ ಸಿಕ್ಕಳು, ಜೀವವಿರಲಿಲ್ಲ. ಸಂಜೆ ಪಂಪಾಪತಿ ಬಂದು ಇದನ್ನು ಹೇಳುವಾಗ ವಿಶಾಲಾಕ್ಷಿ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಕೈಯಲ್ಲಿ ಜರಡಿಯಿತ್ತು.

ಇಂಚರ ಮತ್ತೆ ನೀರಿಗಿಳಿಯಲಿಲ್ಲ. "ಮಮ್ಮಿ, ಅವಳು ಕಾಲು ತೊಳ್ಕೊಂಡೇ ಬಂದಿದ್ಳು," ಎಂದಳು ಒಂದು ದಿನ. ತಾಯಿ ಅವಳ ಬಾಯಿ ಮುಚ್ಚಲು ಕೈ ಎತ್ತಿದವರು ತಮ್ಮ ಬಾಯನ್ನೇ ಮುಚ್ಚಿಕೊಂಡು ಕೆಳಗೆ ಓಡಿದರು.

ನೀರು ಹಾಗೆಯೇ ನಿಂತಿತು. ಎರಡು ದಿನ ಕನ್ನಡಿಯಂತಿತ್ತು. ಅದನ್ನು ಹೊತ್ತಿರುವುದು ನನಗೆ ಅಸಹ್ಯವಾಗಿತ್ತು. ಆಮೇಲೆ ಹಸಿರುಗಟ್ಟಿತು, ಸೊಳ್ಳೆಯ ಹುಳುಗಳು ಮಿಸುಕಾಡಿದವು. ವಿಶಾಲಾಕ್ಷಿ ಮೇಲೆ ಹತ್ತಲೇ ಇಲ್ಲ. ಪಂಪಾಪತಿ ಮೂಗು ಮುಚ್ಚಿಕೊಂಡು ನನ್ನನ್ನು ಬೋರಲು ಹಾಕಿ, ತಾವೇ ತುಂಬಿದ ಉಸಿರನ್ನು ಒತ್ತಿ ಒತ್ತಿ ಹೊರಹಾಕಿ, ಕಸದ ತೊಟ್ಟಿಯ ಪಕ್ಕಕ್ಕೆ ಎಸೆದು ಬಂದರು.

ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಕೈಗಾಡಿಯ ಕಾಸಿಂಸಾಬ, ಹುಲಿಗೆಮ್ಮನ ಓಣಿಯವನು. ಅವನಿಗೆ ನನ್ನ ಹಿಂದಿನದೇನೂ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಅವಳ ಸೋರುವ ತಗಡಿಗೆ ಹೊದಿಸಲು ಹಾಳೆ ಗಟ್ಟಿಯಾಗಿದೆಯೆಂದು ತಂದ. ಹುಲಿಗೆಮ್ಮ ನನ್ನ ಮೇಲೆ ಕೈಯಾಡಿಸಿದ ಕೂಡಲೇ ಗುರುತು ಹಿಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾಕವ್ವಾ, ಬ್ಯಾಡೇನು?" ಎಂದ ಕಾಸಿಂಸಾಬ.

"ಹಾಕಣ್ಣಾ. ಸೋರ್ತೈತಿ," ಎಂದಳು.

ಅವನು ನನ್ನನ್ನು ಸೀಳಿ ಅಗಲವಾಗಿ ಹಾಸಿ ಮೇಲೆ ಕಲ್ಲು ಹೇರಿದ.

ಮಳೆ ಶುರುವಾದ ಮೇಲೆ ಒಂದು ದಿನ ವಿಶಾಲಾಕ್ಷಿ ಆ ಓಣಿಗೆ ಬಂದರು. ಸೊರಗಿಹೋಗಿದ್ದರು. ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತು, "ಹುಲಿಗೆಮ್ಮಾ, ಅವತ್ತು ನಾನು ಆಡೋಕೆ ಬಿಟ್ಟಿದ್ರೆ..." ಎಂದರು.

ಹುಲಿಗೆಮ್ಮ ಬೈಯಲಿ, ಕೂಗಾಡಲಿ, ಓಣಿಯವರೆಲ್ಲ ಕೇಳುವಂತೆ ಶಾಪ ಹಾಕಲಿ ಎಂದು ನಾನು ಮೇಲಿನಿಂದ ಕಾದೆ. ವಿಶಾಲಾಕ್ಷಿಯೂ ಅದಕ್ಕೇ ಬಂದಿದ್ದರೆಂದು ನನಗೆ ಅನ್ನಿಸಿತು.

"ಆ ಮಾತ ಎತ್ತಬ್ಯಾಡ್ರಿ ಅಕ್ಕಾರೆ," ಎಂದಳು ಹುಲಿಗೆಮ್ಮ. ಆಮೇಲೆ ಕೇಳಿದಳು: "ಕೆಲಸಕ್ಕ ಯಾವತ್ತಿಂದ ಬರ್ಲಿ?"

ವಿಶಾಲಾಕ್ಷಿ ಬಾಗಿಲ ಕಟ್ಟು ಹಿಡಿದುಕೊಂಡು ಅಳತೊಡಗಿದರು. ಅವಳು ಅಳಲಿಲ್ಲ.

ಈಗ ನನ್ನ ನೀಲಿ ಬೆಳ್ಳಗಾಗಿದೆ, ಬಿಸಿಲಿಗೆ ಮೈ ಬಿರಿಯುತ್ತಿದೆ. ನೀರನ್ನು ಚೊಕ್ಕವಾಗಿಡುವುದೆಂದರೆ ಏನೆಂದು ಇಲ್ಲಿ ಮಲಗಿ ಯೋಚಿಸುತ್ತೇನೆ. ಕೊಳೆ ಯಾವುದು ಎಂದು ಗೊತ್ತಿಲ್ಲದವರ ಕೈಗೆ ನಾನು ಸಿಕ್ಕಿದ್ದೆ ಎಂದಷ್ಟೇ ತಿಳಿಯುತ್ತದೆ. ಹುಲಿಗೆಮ್ಮ ಬೆಳಿಗ್ಗೆ ಬಾಗಿಲೆಳೆದುಕೊಂಡು ಆ ಮನೆಗೆ ಹೋಗುತ್ತಾಳೆ. ದಾರಿಯಲ್ಲಿ ಕಾಲುವೆಯ ಸೇತುವೆ ಬರುತ್ತದೆ. ಅವಳಿಗೆ ಬೇರೆ ದಾರಿಯಿಲ್ಲ.