ಕನಕಾಂಬರ ಸಾಕು ಅಂದರು

ಶಿವರಾತ್ರಿ ಕಳೆಯಿತೆಂದರೆ ಕ್ಯಾಲನೂರಿನ ಗುರುವಪ್ಪನವರ ಮನೆಯ ಪಡುವಣ ಗೋಡೆ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಆ ಗೋಡೆಯ ಒಳಬದಿಗೆ ಶ್ಯಾಮಲಾಳ ಕೋಣೆ. ಕೋಲಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಮುಗಿಸಿ, ಬಸ್ಸಿಳಿದು ಬಂದು ಮಂಚದ ಮೇಲೆ ಕೂತರೆ ಬೆನ್ನಿಗೆ ಬಿಸಿ ತಾಗುತ್ತಿತ್ತು. ಗಂಡ ವೇಣು ಇದ್ದಾಗಲೂ ತಾಗುತ್ತಿತ್ತು. ಆಗ ಇಬ್ಬರೂ ಚಾಪೆ ಎತ್ತಿಕೊಂಡು ತಾರಸಿಗೆ ಹೋಗಿಬಿಡುತ್ತಿದ್ದರು. ವೇಣು ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ತಾರಸಿಯಲ್ಲಿ ಮಲಗಿದರೆ ಬೀದಿಯವರು ಏನಂದುಕೊಳ್ಳುತ್ತಾರೆ ಎಂದು ಅತ್ತೆ ದೊಡ್ಡವೆಂಕಟಮ್ಮ ಒಂದೇ ಸಲ ಹೇಳಿದ್ದರು. ಶ್ಯಾಮಲಾ ಚಾಪೆ ಸುತ್ತಿಟ್ಟಿದ್ದಳು.

ಆ ಗೋಡೆಗೂ ಕಾಂಪೌಂಡಿಗೂ ನಡುವೆ ಹದಿನೆಂಟು ಅಡಿ ಬರಿದಾದ ಜಾಗವಿತ್ತು. ಅಲ್ಲೊಂದು ಹೊಂಗೆ ಹಾಕುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಒಂದು ಭಾನುವಾರ, ತಿಂಡಿಯ ಹೊತ್ತಿಗೆ.

ಮೈದುನ ಮೂರ್ತಿ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮನೆಯಲ್ಲೂ ಅದೇ ಕೆಲಸ. ತುತ್ತು ನುಂಗಿಕೊಂಡು, "ಮರ ಯಾಕೆ ಅತ್ತಿಗೆ? ಹೂವಿನ ಗಿಡ ಹಾಕೋಣ. ಕನಕಾಂಬರ. ನೋಡೋಕೂ ಲಕ್ಷಣ, ಮನೆ ಹೆಂಗಸರಿಗೂ ಮುಡ್ಕೊಳ್ಳೋಕಾಗುತ್ತೆ" ಅಂದ. ಅಂದಮೇಲೆ ತಟ್ಟೆ ನೋಡಿಕೊಂಡ. ಮುಡಿಯುವ ಹೆಂಗಸರು ಆ ಮನೆಯಲ್ಲಿ ಇಬ್ಬರೇ, ಅವನ ತಾಯಿ ಮತ್ತು ಹೆಂಡತಿ ರಮಾದೇವಿ.

"ಕನಕಾಂಬರ ಮೊಣಕಾಲುದ್ದ ಬರುತ್ತೆ. ನನಗೆ ಗೋಡೆಗೆ ನೆರಳು ಬೇಕು" ಅಂದಳು ಶ್ಯಾಮಲಾ.

"ಹೊಂಗೆ ಬೇರು ಪಾಯಕ್ಕೆ ನುಗ್ಗುತ್ತೆ."

"ಆಲ ನುಗ್ಗುತ್ತೆ, ಅರಳಿ ನುಗ್ಗುತ್ತೆ. ಹೊಂಗೆಯ ತಾಯಿಬೇರು ನೆಟ್ಟಗೆ ಕೆಳಗೆ ಹೋಗುತ್ತೆ."

"ಎಲೆ ಉದುರಿ ನೀರಿನ ಸಂಪಿನೊಳಗೆ ಬೀಳುತ್ತೆ."

"ಸಂಪಿಗೆ ಮುಚ್ಚಳ ಇದೆ."

"ಹಾವು ಬರ್ತವೆ."

"ಹಾವು ಸೇರ್ಕೊಳ್ಳೋದು ಪೊದೆಯಲ್ಲಿ ಮೂರ್ತಿ. ಕನಕಾಂಬರದ ಸಾಲಿನಲ್ಲಿ."

ರಮಾದೇವಿಗೆ ನಗು ತಡೆಯಲಿಲ್ಲ. "ಪಾಠ ಹೇಳೋರ ಹತ್ರಾನೇ ಗಿಡದ ಪಾಠ ಹೇಳೋಕೆ ಹೋಗ್ತೀರಲ್ರೀ. ಮೆಷಿನ್ ವಿಷಯ ಏನಾದ್ರೂ ಇದ್ರೆ ಮಾತಾಡಿ" ಅಂದಳು.

ಮಾತಿಗೆ ಕೊನೆ ಹಾಡಿದವರು ತೆಲುಗು ಬೆರೆಸಿ ಮಾತಾಡುವ ದೊಡ್ಡವೆಂಕಟಮ್ಮ. "ಊರ್ಕೆ, ಸುಮ್ಸುಮ್ನೆ ವಾದ ಯಾಕಮ್ಮಾ. ಗಂಡ ಹೋದೋಳ ಕೈಲಿ ಮರ ನೆಡಿಸಬಾರ್ದು. ಕನಕಾಂಬರ ಸಾಕು."

"ಕನಕಾಂಬರ ನೆಡಬಹುದಾ ಅತ್ತೆ?"

"ಅದನ್ನ ರಮಾ ನೆಡ್ತಾಳೆ. ನೀನು ನೀರು ಹಾಕು."

ಮಾವ ಗುರುವಪ್ಪ ಕೈತೊಳೆಯಲು ಎದ್ದರು. ಅವರಿಗೂ ಗೊತ್ತಿತ್ತು, ಮಾತು ಬೇರಿನದೂ ಅಲ್ಲ, ಹಾವಿನದೂ ಅಲ್ಲ. ಆ ಮನೆತನದಲ್ಲಿ ನೆಲ ಭಾಗವಾದರೂ ಮರ ನೆಟ್ಟವರದೇ. ಗುರುವಪ್ಪನವರ ತಮ್ಮ ಚನ್ನರಾಯಪ್ಪನ ಹೊಲದ ನಟ್ಟನಡುವೆ ದೊಡ್ಡವೆಂಕಟಮ್ಮ ಮದುವೆಯಾದ ವರ್ಷ ನೆಟ್ಟ ಹುಣಸೆಮರ ನಿಂತಿದೆ. ಹೊಲ ತಮ್ಮನ ಪಾಲಿಗೆ ಹೋಗಿ ಇಪ್ಪತ್ತು ವರ್ಷವಾದರೂ ಹಣ್ಣು ಬಡಿಯುವವರು ಇವರೇ. ಮರಕ್ಕೆ ಹೋಗುವ ದಾರಿ ಬಿಟ್ಟು ಚನ್ನರಾಯಪ್ಪ ರಾಗಿ ಬಿತ್ತುತ್ತಾನೆ, ಗೊಣಗುತ್ತಾನೆ, ಆದರೆ ಕೊಡಲಿ ಎತ್ತುವುದಿಲ್ಲ. ಗುರುವಪ್ಪನವರ ಮನೆ ಇನ್ನೂ ಭಾಗವಾಗಿರಲಿಲ್ಲ. ಅದರಲ್ಲಿ ಶ್ಯಾಮಲಾಳದು ಎಂದು ಎಲ್ಲರೂ ಒಪ್ಪುತ್ತಿದ್ದದ್ದು ತವರಿನಿಂದ ಬಂದ ಒಂದು ಬೀರು ಮಾತ್ರ. ಅದನ್ನು ಯಾವಾಗ ಬೇಕಾದರೂ ಗಾಡಿಗೆ ಹಾಕಿ ಕಳಿಸಬಹುದು. ಮರವನ್ನು ಹಾಗೆ ಕಳಿಸಲಾಗುವುದಿಲ್ಲ.

ರಮಾದೇವಿ ಕನಕಾಂಬರ ನೆಟ್ಟಳು, ಮೂರು ಸಾಲು. ಶ್ಯಾಮಲಾ ನೀರು ಹಾಕಿದಳು. ಗಿಡದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಒಳ್ಳೆಯ ಗಿಡವೇ. ಎರಡು ದಿನಕ್ಕೊಮ್ಮೆ ಕೀಳುವಷ್ಟು ಹೂ ಬಿಟ್ಟಿತು. ಅವಳು ಬಿಡಿಸಿ ಬುಟ್ಟಿಗೆ ಹಾಕಿಕೊಟ್ಟಳು, ಇಬ್ಬರು ಮುಡಿದರು. ಬೇರುಗಂಟಿನ ಹುಳು ಬೀಳದಿದ್ದರೆ ಮೂರು ವರ್ಷ ಬಾಳುತ್ತದೆ, ಆಮೇಲೆ ಕಿತ್ತು ಹೊಸದು ಹಾಕಬೇಕು. ಕಾಲೇಜಿನ ಮುಂದಿನ ಹೊಂಗೆಯಡಿ ಬಿದ್ದಿದ್ದ ಕಾಯಿಗಳಲ್ಲಿ ನಾಲ್ಕನ್ನು ಅವಳು ಬ್ಯಾಗಿಗೆ ಹಾಕಿಕೊಂಡು ಬಂದಿದ್ದಳು. ಬೀಜ ನೆನೆಸಿ, ಹಳೆಯ ಪೇಂಟ್ ಡಬ್ಬಿಯೊಂದರ ತಳಕ್ಕೆ ತೂತು ಹೊಡೆದು ಮಣ್ಣು ತುಂಬಿ ಹಾಕಿದಳು. ಒಂದು ಮೊಳೆಯಿತು. ಡಬ್ಬಿಯನ್ನು ಕೊಟ್ಟಿಗೆಯ ಪಕ್ಕಕ್ಕಿಟ್ಟಳು. ಯಾರೂ ಏನೂ ಕೇಳಲಿಲ್ಲ. ಡಬ್ಬಿಯಲ್ಲಿರುವುದನ್ನು ಆ ಮನೆಯಲ್ಲಿ ಯಾರೂ ಮರ ಎಂದು ಎಣಿಸುತ್ತಿರಲಿಲ್ಲ.

ಮರುವರ್ಷ ಮಾಘಮಾಸದಲ್ಲಿ ಮೂರ್ತಿ ಟೇಪು ಹಿಡಿದು ಆ ಜಾಗ ಅಳೆಯತೊಡಗಿದ. ಶ್ಯಾಮಲಾ ಕಿಟಕಿಯಿಂದಲೇ ಕೇಳಿದಳು, "ಏನು ಮೂರ್ತಿ?"

"ಎರಡು ರೂಮ್ ಎತ್ತಿಸ್ತಾ ಇದೀನಿ ಅತ್ತಿಗೆ. ವೇಮಗಲ್‌ಗೆ ಕೆಲಸಕ್ಕೆ ಬರೋ ಹುಡುಗರು ಬಾಡಿಗೆಗೆ ಊರೂರು ತಿರುಗ್ತಾವ್ರೆ. ನಿಮ್ಮ ಈ ಕಿಟಕಿ ಒಂದು ಮುಚ್ಚಿಸ್ಬೇಕಾಗುತ್ತೆ. ಗಂಡುಹುಡುಗರು ಓಡಾಡೋ ಕಡೆ ತೆಗೆದಿಟ್ರೆ ಚೆನ್ನಾಗಿರಲ್ಲ."

ಕಿಟಕಿ ಒಂದೇ ಇತ್ತು. "ಕನಕಾಂಬರ?" ಅಂದಳು.

"ಕಿತ್ತು ಬಿಸಾಕಿದ್ರಾಯ್ತು. ಎಷ್ಟೊತ್ತಿನ ಕೆಲಸ ಅದು? ಮರ ಆಗಿದ್ರೆ ಕಷ್ಟ ಆಗ್ತಿತ್ತು ನೋಡಿ." ಅವನು ಟೇಪು ಸುತ್ತಿಕೊಂಡ. "ನೆರಳು ನೆರಳು ಅಂತಿದ್ರಲ್ಲ. ಇನ್ಮೇಲೆ ರೂಮಿನ ಗೋಡೆ ನೆರಳೇ ಇರುತ್ತೆ ನಿಮಗೆ."

ಅವಳು ಕಿಟಕಿ ಮುಚ್ಚಲಿಲ್ಲ. ಅವನು ಅತ್ತ ಹೋಗುವವರೆಗೂ ನೋಡುತ್ತ ನಿಂತಿದ್ದಳು.

ಗುದ್ದಲಿ ಪೂಜೆ ಶುಕ್ರವಾರ ಬೆಳಗ್ಗೆ ಏಳೂವರೆಗೆ. ಆರಕ್ಕೇ ಕನಕಾಂಬರದ ಮೂರು ಸಾಲೂ ಬೇರು ಮೇಲಾಗಿ ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿದ್ದವು. ಹೂವು ಇನ್ನೂ ಬಾಡಿರಲಿಲ್ಲ. ಬೈರಕೂರಿನ ಮೇಸ್ತ್ರಿ ಗೋಪಿ ಸುಣ್ಣದ ಗೆರೆ ಎಳೆದು, ಕಟ್ಟಡದ ಈಶಾನ್ಯ ಮೂಲೆಗೆ, ಅಂದರೆ ಶ್ಯಾಮಲಾಳ ಗೋಡೆಯಿಂದ ಎಂಟು ಅಡಿಗೆ, ಮೊಣಕಾಲಾಳದ ಗುಂಡಿ ತೋಡಿದ. ಮೊದಲ ಪಿಲ್ಲರ್ ಅಲ್ಲೇ ಬರಬೇಕು. "ಪೂಜೆ ಮುಗಿಯೋ ತನಕ ಈ ಕಡೆ ಬರಬೇಡಮ್ಮಾ" ಎಂದು ಅತ್ತೆ ಹಿಂದಿನ ರಾತ್ರಿಯೇ ಹೇಳಿಟ್ಟಿದ್ದರು.

ಶ್ಯಾಮಲಾ ಹೋಗಲಿಲ್ಲ. ಕಿಟಕಿಯ ಹಿಂದೆ ನಿಂತಿದ್ದಳು. ಐನೋರು ಮಂತ್ರ ಹೇಳಿದರು. ಗುಂಡಿಗೆ ಅರಿಶಿನ ಕುಂಕುಮ ಬಿತ್ತು, ನವಧಾನ್ಯ ಬಿತ್ತು. ಮುತ್ತೈದೆಯರು ಬನ್ನಿ ಎಂದಾಗ ರಮಾದೇವಿ ತಂಬಿಗೆಯಿಂದ ಹಾಲು ಬಿಟ್ಟಳು, ಪಕ್ಕದ ಮನೆಯ ವೆಂಕಟರತ್ನಮ್ಮ ಬಿಟ್ಟರು. ಮೂರ್ತಿ ಕಾಯಿ ಒಡೆದ. ಉಪ್ಪಿಟ್ಟಿನ ತಟ್ಟೆಗಳು ಬರುವ ಹೊತ್ತಿಗೆ ಶ್ಯಾಮಲಾ ಹಿತ್ತಲ ಬಾಗಿಲಿನಿಂದ ಸುತ್ತಿ ಬಂದಳು. ಕಂಕುಳಲ್ಲಿ ಪೇಂಟ್ ಡಬ್ಬಿ. ಹೊಂಗೆ ಅವಳ ಕಿವಿಯ ಮಟ್ಟಕ್ಕೆ ಬರುತ್ತಿತ್ತು.

"ಪೂಜೆ ಮುಗೀತಾ ಐನೋರೆ?"

"ಮುಗೀತಮ್ಮ."

"ಹಾಗಾದ್ರೆ ಬರಬಹುದು" ಎಂದು ಅವಳು ಗುಂಡಿಯ ಪಕ್ಕ ಕೂತಳು.

ಡಬ್ಬಿಯನ್ನು ಮಗುಚಿ ತಳ ತಟ್ಟಿದಳು. ಮಣ್ಣಿನ ಮುದ್ದೆ ಬೇರಿನ ಸಮೇತ ಇಡಿಯಾಗಿ ಜಾರಿತು. ಅದನ್ನು ಗುಂಡಿಗಿಳಿಸಿ, ಎರಡೂ ಕೈಯಿಂದ ಸುತ್ತಲಿನ ಮಣ್ಣು ಎಳೆದಳು. ಹಾಲು ಇನ್ನೂ ಇಂಗಿರಲಿಲ್ಲ. ಮಣ್ಣು ಕೈಗೆ ಅಂಟಿತು. ಅವಳು ಒತ್ತಿ ಒತ್ತಿ ತುಂಬುವವರೆಗೂ ಅಲ್ಲಿದ್ದವರಿಗೆ ಏನಾಗುತ್ತಿದೆ ಎಂದು ಹೊಳೆದಂತಿರಲಿಲ್ಲ. ಹೊಳೆದಾಗ ಮೊದಲು ಬಂದವನು ಮೂರ್ತಿ.

"ಏನು ಮಾಡ್ತಿದೀರಿ ಅತ್ತಿಗೆ ನೀವು? ಲೇ ಗೋಪಿ, ಕಿತ್ತು ಆಚೆ ಹಾಕೋ ಅದನ್ನ."

ಗೋಪಿ ತಟ್ಟೆ ಕೆಳಗಿಟ್ಟ, ಆದರೆ ಹತ್ತಿರ ಬರಲಿಲ್ಲ. "ಹಾಲು ಬಿದ್ದ ಗುಂಡಿ ಸಾರ್. ಅದರಲ್ಲಿ ಹಸಿರು ಇಟ್ಟವ್ರೆ. ನನ್ನ ಕೈಲಾಗಲ್ಲ, ಹೆಂಡ್ತಿ ಮಕ್ಕಳೋನು ನಾನು."

"ಐನೋರೆ, ನೀವಾದ್ರೂ ಹೇಳಿ."

ಐನೋರು ದಕ್ಷಿಣೆಯ ತಾಂಬೂಲ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. "ಪೂಜೆ ನೆಲಕ್ಕೆ ಮಾಡಿಸಿದ್ದು ಮೂರ್ತಿ. ಆಮೇಲೆ ಅದರಲ್ಲಿ ಕಂಬ ಇಡ್ತಾರೋ ಗಿಡ ಇಡ್ತಾರೋ ನಾನು ಕೇಳಲ್ಲ. ಇಟ್ಟಿದ್ದನ್ನ ಕೀಳು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡ."

ಮೂರ್ತಿ ತಾನೇ ಬಗ್ಗಿ ಕಾಂಡಕ್ಕೆ ಕೈಹಾಕಿದ. ಶ್ಯಾಮಲಾ ಮಣ್ಣಿನ ಮೇಲಿನ ಕೈ ತೆಗೆಯಲಿಲ್ಲ. ತಲೆಯೆತ್ತಿ ಅವನ ಮುಖ ನೋಡಿದಳು. "ಕೀಳಿ ಮೂರ್ತಿ. ಎಷ್ಟೊತ್ತಿನ ಕೆಲಸ ಅದು?"

"ಮುಟ್ಟಬೇಡಿ ಅದನ್ನ." ಹೇಳಿದವಳು ರಮಾದೇವಿ. ತಂಬಿಗೆ ಇನ್ನೂ ಅವಳ ಕೈಯಲ್ಲೇ ಇತ್ತು. "ಹಾಲು ಬಿಟ್ಟೋಳು ನಾನು. ಏನಾದ್ರೂ ಆದ್ರೆ ತಟ್ಟೋದು ನನ್ನ ಮಕ್ಕಳಿಗೆ. ಕೈ ತೆಗೀರಿ ಅಂದ್ನಲ್ಲ."

"ಸುಮ್ನಿರೇ ನೀನು."

"ನಾನ್ಯಾಕೆ ಸುಮ್ನಿರಲಿ? ನಿಮ್ಮ ರೂಮೂ ಬೇಡ, ಬಾಡಿಗೆನೂ ಬೇಡ. ತೆಗೀರಿ ಕೈ."

ಅವನು ಕೈ ತೆಗೆದ. ತಂದೆಯ ಕಡೆ ತಿರುಗಿದ. ಗುರುವಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ನೆಟ್ಟಾಯ್ತು" ಅಂದರು.

ದೊಡ್ಡವೆಂಕಟಮ್ಮ ಹಣೆ ಚಚ್ಚಿಕೊಂಡರು. "ಎಂತ ಪನಿ ಚೇಸ್ತಿವಮ್ಮಾ, ಎಂಥ ಕೆಲಸ ಮಾಡ್ಬಿಟ್ಟೆ. ಗಂಡ ಹೋದೋಳು ನೆಟ್ಟ ಮರ ಏಳುತ್ತಾ ಎಲ್ಲಾದ್ರೂ?"

"ಏಳದೇ ಹೋದ್ರೆ ಮೂರ್ತಿಗೆ ಒಳ್ಳೇದೇ ಅಲ್ವಾ ಅತ್ತೆ" ಅಂದಳು ಶ್ಯಾಮಲಾ. "ಕಾಯಲಿ. ನಾನೂ ಇಲ್ಲೇ ಇರ್ತೀನಿ."

ವೆಂಕಟರತ್ನಮ್ಮ ಸೆರಗಿನ ಮರೆಯಲ್ಲಿ ನಕ್ಕಂತಿತ್ತು. ಉಪ್ಪಿಟ್ಟು ಆರುತ್ತಿತ್ತು.

ಮೂರ್ತಿ ಟೇಪು ತರಿಸಿದ. ಪಿಲ್ಲರನ್ನು ಆಚೆ ಸರಿಸಿದರಾಯಿತು ಎಂದು ಗೋಪಿಯ ಕೈಯಲ್ಲಿ ಮತ್ತೆ ಅಳೆಸಿದ. ಗೋಪಿ ಗಿಡದಿಂದ ನಾಲ್ಕು ಅಡಿ ಬಿಟ್ಟು, ಅಲ್ಲಿಂದ ಕಾಂಪೌಂಡಿನವರೆಗೆ ಟೇಪು ಹಿಡಿದ. ಇನ್ನೊಂದು ಸಲ ಹಿಡಿದ.

"ಆರು ಅಡಿ ಸಾರ್. ಗೋಡೆ ದಪ್ಪ ಕಳೆದ್ರೆ ಐದು. ಬಾತ್‌ರೂಮ್ ಬೇಕಾದ್ರೆ ಆಗುತ್ತೆ."

"ಬರೀ ಬಾತ್‌ರೂಮ್ ಕಟ್ಟಿ ಯಾರಿಗೆ ಬಾಡಿಗೆಗೆ ಕೊಡ್ಲೋ?"

"ಅದು ನನಗೆ ಗೊತ್ತಿಲ್ಲ ಸಾರ್. ಆಳುಗಳು ಬಂದವ್ರೆ. ಇವತ್ತು ಕೆಲಸ ಏನು ಅಂತ ಹೇಳಿ."

ಮೂರ್ತಿ ಟೇಪು ಕಿತ್ತುಕೊಂಡು ಸುತ್ತತೊಡಗಿದ. ಶ್ಯಾಮಲಾ ಎದ್ದು ನಿಂತು ಸೀರೆ ಕೊಡವಿಕೊಂಡಳು. ಕಾಲೇಜಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

"ಗೋಪಿ, ಸುತ್ತ ನಾಲ್ಕು ಗೂಟ ಹೊಡಿ. ಕರು ಬಂದು ತುಳಿಯುತ್ತೆ. ಗಿಡದಿಂದ ಮೂರಡಿ ಬಿಟ್ಟು ಹೊಡಿ, ಹತ್ತಿರ ಬೇಡ."

ಗೋಪಿ ಗುರುವಪ್ಪನವರ ಮುಖ ನೋಡಿದ, ಮೂರ್ತಿಯ ಮುಖ ನೋಡಿದ. ಬೇಡ ಎಂದು ಯಾರೂ ಅನ್ನಲಿಲ್ಲ. ಅವನು ಹಾರೆ ಎತ್ತಿಕೊಂಡು, "ಮೂರಡಿನಾ ಅಮ್ಮಾ?" ಎಂದು ಕೇಳಿದ.

"ಮೂರೂವರೆ" ಅಂದಳು ಅವಳು.