ಮೂರನೆಯ ಜಡೆ

ನೀರು ಉಗುರುಬೆಚ್ಚಗಿದೆ, ಸುಡುವುದಿಲ್ಲ, ಮಗಳಿಗೆ ತಣ್ಣೀರೆಂದರೆ ಆಗುತ್ತಿರಲಿಲ್ಲ — ಅವಳು ಮತ್ತೊಮ್ಮೆ ಮೊಣಕೈ ಅದ್ದಿ ನೋಡಿದಳು, ಹಸುಗೂಸಾಗಿದ್ದಾಗ ನೋಡುತ್ತಿದ್ದ ಹಾಗೆ, ಬಲಗಡೆಯಿಂದ ಶುರು ಮಾಡು ಎಂದಳು ಅಕ್ಕ, ಬಲಗೈ, ಬಲಭುಜ, ಹೊದಿಸಿದ ಬಟ್ಟೆ ಸರಿಯದಂತೆ ಅದರಡಿಯಲ್ಲೇ ಕೈಯಾಡಿಸಿ, ಎಷ್ಟು ಹಗುರ ಈ ತೋಳು, ಆಸ್ಪತ್ರೆಯ ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿ, ಅಲ್ಲಿ ಮೆತ್ತಗೆ, ನೋಯುತ್ತದೆ — ನೋಯುವುದಿಲ್ಲ, ಇನ್ನು ನೋಯುವುದಿಲ್ಲ. ಕೊನೆಯ ನೀರಿಗೆ ಕರ್ಪೂರ, ವಾಸನೆ ಮೂಗಿಗೆ ಅಡರಿ ಕಣ್ಣು ತುಂಬಿತು, ಕರ್ಪೂರಕ್ಕೆ ಅಕ್ಕ, ಅಳ್ತಾ ಇಲ್ಲ ನಾನು, ಅಳೇ, ಕಣ್ಣೀರು ಬೇಡ ಅಂತ ಯಾರಂದ್ರು, ಎದೆ ಬಡ್ಕೊಂಡು ಕೂಗಬಾರದು ಅಷ್ಟೇ. ಈಗ ಕೂದಲು, ತೀರಿಕೊಂಡ ಹೆಂಗಸಿನ ಕೂದಲನ್ನು ಮೂರು ಜಡೆ ಹೆಣೆದು ಹಿಂದಕ್ಕೆ ಬಿಡಬೇಕು, ಅತ್ತೆ ತೀರಿಕೊಂಡಾಗ ಅವಳೇ ಹೆಣೆದಿದ್ದಳು, ಪಾರ್ಲರ್ ನಡೆಸುವವಳು, ಪಳಗಿದ ಕೈ ಎಂದು ಎಲ್ಲರೂ ಅವಳನ್ನೇ ಮುಂದೆ ಬಿಟ್ಟಿದ್ದರು, ಎಷ್ಟು ಮದುವಣಗಿತ್ತಿಯರ ತಲೆ ಈ ಕೈಯಲ್ಲಿ, ಮಗಳದು ಸೊಂಟ ದಾಟುತ್ತಿತ್ತು, ಶಾಲೆಗೆ ಹೊತ್ತಾಯ್ತಮ್ಮ, ಅಷ್ಟು ಬಿಗಿ ಎಳೀಬೇಡ, ಆಮೇಲೆ ಆ ಔಷಧಿ, ದಿಂಬಿನ ಮೇಲೆಲ್ಲ ಗೊಂಚಲು ಗೊಂಚಲು, ನೋಡಮ್ಮ, ನಿನಗೊಬ್ಬ ಗಿರಾಕಿ ಕಡಿಮೆಯಾದಳು ಎಂದು ನಕ್ಕವಳು. ಮತ್ತೆ ಚಿಗುರಿ ಬೆರಳುದ್ದ ಆಗಿದೆ, ಬೆಳೀತಿದೆ ಅಂದ್ರೆ ವಾಸಿಯಾಗ್ತಿದೆ ಅಲ್ವೇನಮ್ಮ, ಹೌದು ಮಗಳೇ ಎಂದಿದ್ದಳು, ಯಾವ ಬಾಯಲ್ಲಿ ಎಂದಿದ್ದಳೋ. ಬಿಡೇ, ಉದ್ದ ಇದ್ದವರಿಗೆ ಜಡೆ, ಇಲ್ಲದವರಿಗೆ ಇಲ್ಲ, ದೇವರೇನು ತಪ್ಪು ಹಿಡಿಯೋದಿಲ್ಲ, ಅಕ್ಕ ಹೇಳುತ್ತಲೇ ಇದ್ದಾಳೆ, ಬಾಗಿಲಾಚೆ ಗಂಡನ ದನಿ, ಆಯ್ತಾ, ನಮಾಜಿಗೆ ಜನ ನಿಂತಿದ್ದಾರೆ, ಈ ಮನುಷ್ಯನಿಗೆ ಯಾಕಿಷ್ಟು ಅವಸರ — ಇಲ್ಲ, ದನಿ ಒಡೆದಿದೆ, ಮಯ್ಯತ್ತನ್ನು ಕಾಯಿಸಬಾರದು ಎಂದಿರಬೇಕು ಯಾರೋ, ಬೆಳಗಿನವರೆಗೆ ಮಗಳಾಗಿದ್ದವಳು ಆಗಲೇ ಮಯ್ಯತ್, ಅವನು ಜನಾಜಾಕ್ಕೆ ಹೆಗಲು ಕೊಡುತ್ತಾನೆ, ಗುಂಡಿಗಿಳಿದು ಬಲಮಗ್ಗುಲಿಗೆ ಮಲಗಿಸುತ್ತಾನೆ, ಹಿಡಿ ಮಣ್ಣು ಹಾಕುತ್ತಾನೆ, ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ, ಅವಳಿಗೆ ಈ ಕೋಣೆ ಇಷ್ಟೇ, ಈ ತಲೆ ಇಷ್ಟೇ. ಸ್ವಲ್ಪ ತಡೀರಿ, ಗಟ್ಟಿಯಾಗಿಯೇ ಅಂದಳು, ನನ್ನ ಕೈಲಿ ಇರೋದು ಇದೊಂದೇ.

ಅಕ್ಕ ಆಮೇಲೆ ಬೇಡವೆನ್ನಲಿಲ್ಲ, ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದುಕೊಂಡಳು, ಒಂದು ಜಡೆ ಹೇಗೋ ನಿಂತಿತು, ಗುಬ್ಬಿಯ ಬಾಲದಷ್ಟು, ಎರಡನೆಯದೂ ನಿಂತಿತು, ಮೂರನೆಯದಕ್ಕೆ ಉಳಿದದ್ದು ಕಿವಿಯ ಹಿಂದಿನದು, ಎಲ್ಲಕ್ಕಿಂತ ಗಿಡ್ಡ, ಒದ್ದೆ, ಹೆಣೆದರೆ ಜಾರುತ್ತದೆ, ಹೆಣೆದಳು, ಬಿಚ್ಚಿಕೊಂಡಿತು, ಹೆಣೆದಳು, ಬಿಗಿ ಎಳೀಬೇಡಮ್ಮ, ಇಲ್ಲ ಕಂದ, ಎಳೆಯೋದಿಲ್ಲ, ಬಿಚ್ಚಿಕೊಂಡಿತು, ಮೈಗೆ ಕಫನ್ ಸುತ್ತಿಯಾಗಿದೆ, ತಲೆಯೊಂದೇ ಬಾಕಿ, ಆಯ್ತಾ ಎಂದು ಮತ್ತೆ ಬಾಗಿಲಾಚೆ, ಅಕ್ಕ ಬಿಳಿ ತಲೆವಸ್ತ್ರ ಎಳೆದು ಸುತ್ತಿದಳು, ಸುತ್ತಿನೊಳಗೆ ಅವಳ ಬೆರಳುಗಳೂ ಸೇರಿಹೋದವು, ಕೈ ತೆಗಿಯೇ, ತೆಗೆದರೆ ಬಿಚ್ಚಿಕೊಳ್ಳುತ್ತದೆ, ಕೈ ತೆಗಿಯಮ್ಮ ತಂಗಿ, ಬಿಳಿ ಬಟ್ಟೆಯೊಳಗೆ ಕೈ, ಕೈಯೊಳಗೆ ಜಡೆ, ತೆಗೆದರೆ ಬಿಚ್ಚಿಕೊಳ್ಳುತ್ತದೆ —