ಸೋಮವಾರದ ದೋಣಿ

ನನ್ನ ಬಾಯಿ ಜೋರು ಅನ್ನುವುದು ನಂಜನಗೂಡಿನ ನಮ್ಮ ಬೀದಿಗೆಲ್ಲ ಗೊತ್ತು. ಆದರೆ ಶ್ರೀಲಂಕಾದ ಹೋಟೆಲಿನಲ್ಲಿ ಕೂತೂ ಮಗಳನ್ನು ಬೈಯಬೇಕಾಗುತ್ತದೆ ಅಂದುಕೊಂಡಿರಲಿಲ್ಲ.

"ದೋಣಿ ಯಾವತ್ತಿಗೆ ಹೇಳಿದ್ದೀಯೆ?" ಎಂದೆ.

"ನಾಳೆಗೆ ಕಣಮ್ಮ."

"ನಾಳೆ ಯಾವ ವಾರ?"

ತೇಜಸ್ವಿನಿ ಮೊಬೈಲ್ ನೋಡಿ ನಾಲಿಗೆ ಕಚ್ಚಿಕೊಂಡಳು. ನಾಳೆ ಸೋಮವಾರ.

ನಾವು ನಂಜುಂಡೇಶ್ವರನ ಒಕ್ಕಲು. ಸೋಮವಾರ ಮೀನು, ಮಾಂಸ ಮುಟ್ಟುವುದಿಲ್ಲ. ಊರಲ್ಲಿದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ, ದೇವಸ್ಥಾನದ ಕಡೆ ಹೊರಟ ಜನವೇ ವಾರ ಯಾವುದೆಂದು ಹೇಳುತ್ತಿದ್ದರು. ಇಲ್ಲಿ ಟೂರಿನವರ ಜೊತೆ ಸುತ್ತಿ ಸುತ್ತಿ ನಮಗೆ ಎಲ್ಲ ದಿನವೂ ಭಾನುವಾರವಾಗಿತ್ತು. ಮಂಗಳವಾರ ವಾಪಸ್ ಹೊರಡಬೇಕು. ಮೀನು ಹಿಡಿಯುವ ದೋಣಿಗೆ ಬೇರೆ ದಿನವೇ ಇರಲಿಲ್ಲ.

ಈ ಪ್ರವಾಸ ಹೊರಡಿಸಿದ್ದೇ ನನ್ನ ಅಣ್ಣ ಚಿಕ್ಕಸ್ವಾಮಿಗಾಗಿ. ನಮ್ಮ ತವರು ತಿರುಮಕೂಡಲು ನರಸೀಪುರ. ಕಪಿಲೆ ಕಾವೇರಿಗೆ ಸೇರುವ ಕಡೆ ಅಪ್ಪ ನಮ್ಮಿಬ್ಬರಿಗೂ ಗಾಳ ಹಾಕುವುದನ್ನು ಕಲಿಸಿದ್ದ. ಮುದ್ದೆಯ ಚೂರನ್ನು ಕೊಕ್ಕೆಗೆ ಸಿಕ್ಕಿಸಿ ಅಣ್ಣ ಕೈ ಚಾಚಿದನೆಂದರೆ ಆ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಈ ನೀರೆಲ್ಲ ಸಮುದ್ರಕ್ಕೆ ಹೋಗುತ್ತದೆ ಎಂದು ಅಪ್ಪ ಹೇಳಿದ ದಿನದಿಂದ ಅಣ್ಣನದು ಒಂದೇ ಜಪ: "ಒಂದ್ಸಲ ಸಮುದ್ರದಲ್ಲಿ ಗಾಳ ಆಕ್ಬೇಕು ಕಣ್ ನಂಜಿ." ಆಮೇಲೆ ಗದ್ದೆ, ಹಸು, ಡೈರಿಯ ಹಾಲು ಅಂತ ವಯಸ್ಸೇ ಕಳೆದುಹೋಯಿತು. ಹೋದ ವರ್ಷದಿಂದ ಅವನ ಕೈ ಅದುರಲು ಶುರುವಾಗಿದೆ. ಇನ್ನು ತಡಮಾಡಿದರೆ ಆಗುವುದಿಲ್ಲ ಅನ್ನಿಸಿ ನಾನೇ ಹಟ ಹಿಡಿದೆ. ಹಸು ಬಿಟ್ಟು ಬರಲು ಅತ್ತಿಗೆ ಒಪ್ಪಲಿಲ್ಲ. ಅಣ್ಣ, ನಾನು, ಮಗಳು, ಅಳಿಯ ಮದನ್ ಹೊರಟೆವು. ಗಾಳಕ್ಕೆ ಬೇಕಾಗುತ್ತದೆಂದು ರಾಗಿಹಿಟ್ಟನ್ನೂ ಕಟ್ಟಿಕೊಂಡಿದ್ದೆ.

ಸೋಮವಾರ ಎಂದು ಕೇಳಿದ್ದೇ ಅಣ್ಣ ಎದ್ದು ನಿಂತ.

"ಹಂಗಾರೆ ಬ್ಯಾಡ ಬುಡವ್ವ. ನೀವು ಓಗಿ ಸುತ್ತಾಡ್ಕೊಂಡ್ ಬನ್ನಿ. ನಾನು ರೂಮಲ್ಲೇ ಇರ್ತೀನಿ."

ಅವನ ದನಿಯಲ್ಲಿ ಬೇಸರ ಇರಲಿಲ್ಲ, ಸದ್ಯ ಬಚಾವಾದೆ ಅನ್ನುವ ನೆಮ್ಮದಿಯಿತ್ತು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಬೆಳಗ್ಗೆ ಅವನ ಅಂಗಿಯ ಗುಂಡಿ ಹಾಕಿದ್ದು ಮದನ್. ಆ ಮದನ್ ಎದುರಿಗೆ ಕೊಕ್ಕೆ ಹಿಡಿಯಲಾಗದೆ ಕೂರುವುದಕ್ಕೆ ಅಣ್ಣನಿಗೆ ನಾಚಿಕೆ. ದೇವರ ವಾರ ಅವನಿಗೊಂದು ನೆಪವಾಗಿ ಸಿಕ್ಕಿತ್ತು.

"ಅಣ್ಣಯ್ಯ, ಸೋಮಾರ ಅಪ್ಪ ಹೊಳೆಗೆ ಓಯ್ತಿರ್ಲಿಲ್ವಾ?" ಎಂದು ಕೇಳಿದೆ.

ಅಣ್ಣ ತಿರುಗಿ ನೋಡಿದ. ಸೋಮವಾರ ಅಪ್ಪ ಗಾಳ ಮುಟ್ಟುತ್ತಿರಲಿಲ್ಲ, ಆದರೆ ರಾತ್ರಿ ಮಿಕ್ಕ ಮುದ್ದೆ ಹಿಡಿದು ತಪ್ಪದೆ ಹೊಳೆಗೆ ಬರುತ್ತಿದ್ದ. "ದಿನಾ ನಾವು ಅವುನ್ನ ತಿಂತೀವಿ, ಇವತ್ತು ಅವು ತಿನ್ಲಿ" ಎಂದು ನೀರಿಗೆ ಉದುರಿಸುತ್ತಿದ್ದ. ಮೀನು ಬಂದು ನಮ್ಮ ಕಾಲ್ಬೆರಳಿಗೆ ಕಚಗುಳಿ ಇಡುತ್ತಿದ್ದವು. ವಯಸ್ಸಾದ ಮೇಲೆ ಅಪ್ಪ ಗಾಳ ಹಾಕುವುದನ್ನೇ ಬಿಟ್ಟ. ಬೇಜಾರಾಗಿರಬೇಕು ಅಂದುಕೊಂಡೆವು. ಸೋಮವಾರದ ಮುದ್ದೆ ಮಾತ್ರ ಕೊನೆತನಕ ನಿಲ್ಲಿಸಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಆ ನೀರಿಗೆ ಇಳಿಯಬೇಕು ಅನ್ನಿಸುತ್ತದೆ.

"ಗಾಳ ಬ್ಯಾಡ. ಮುದ್ದೆ ಹಾಕಿ ಬರಾನ," ಎಂದೆ.

ಎದ್ದು ನಿಂತಿದ್ದ ಅಣ್ಣ ಮತ್ತೆ ಕೂತ.

ಬೆಳಗ್ಗೆ ಹೋಟೆಲಿನ ಅಡುಗೆಮನೆಗೆ ನುಗ್ಗಿ ಮುದ್ದೆ ತೊಳಸಿದೆ. ಅಡುಗೆಯವನು ನಕ್ಕ. ನಗಲಿ, ನನಗೇನು. ದೋಣಿಯವನು ಗಾಳದ ಕೋಲುಗಳನ್ನು ಮುಂದೆ ಇಟ್ಟಾಗ ತೇಜಸ್ವಿನಿ ಬೇಡವೆಂದಳು. ಮೀನು ಹಿಡಿಯದ ಮೇಲೆ ದೋಣಿ ಯಾಕೆ ಬೇಕಿತ್ತು ಎಂದು ಅವನು ಮದನ್ ಮುಖ ನೋಡಿದ. ಮದನ್ ನನ್ನ ಕಡೆ ಕೈ ತೋರಿಸಿ ತಾನು ಪಾರಾದ.

ದಡ ದೂರವಾಯಿತು. ದೋಣಿ ನಿಂತಿತು. ಅಣ್ಣ ಎರಡೂ ಕೈಗಳನ್ನು ಟವಲಿನೊಳಗೆ ಅಡಗಿಸಿಕೊಂಡು ಕೂತಿದ್ದ. ನಾನು ಅವನ ತೊಡೆಯ ಮೇಲೆ ಒಂದು ಮುದ್ದೆ ಇಟ್ಟೆ. ಬಹಳ ಹೊತ್ತಿನ ಮೇಲೆ ಅವನ ಬಲಗೈ ಹೊರಗೆ ಬಂತು. ಒಂದು ಚೂರು ಮುರಿದು ನೀರಿನ ಮೇಲೆ ಹಿಡಿದ. ಕೈ ಅದುರಿತು. ಅದುರಿದ ಹಾಗೆಲ್ಲ ಮುದ್ದೆ ಸಣ್ಣಸಣ್ಣಗೆ ತಾನಾಗಿ ಉದುರಿತು. ನಾವು ಬೇಕೆಂದು ಉದುರಿಸಿದರೂ ಅಷ್ಟು ಸಣ್ಣಗೆ ಉದುರುತ್ತಿರಲಿಲ್ಲ. ನೀರಿನಡಿ ಏನೋ ಮಿನುಗಿತು. ಆಮೇಲೆ ಮೀನೋ ಮೀನು.

ಅಣ್ಣ ತನ್ನ ಕೈಯನ್ನೇ ನೋಡುತ್ತಿದ್ದ.

"ನಂಜಿ, ಕೊನೆಕೊನೆಗೆ ಅಪ್ಪ ಉದುರಿಸ್ವಾಗ್ಲೂ ಹಿಂಗೇ ಬೀಳೋದಲ್ವಾ?"

"ಹೂಂ, ಹಿಂಗೇ."

"ಅಪ್ಪ ಗಾಳ ಯಾಕ್ ಬುಟ್ಟ ಅಂತ ಈಗ ಗೊತ್ತಾಯ್ತು ಕಣವ್ವ."

ಅಣ್ಣ ಟವಲು ತೆಗೆದು ಪಕ್ಕಕ್ಕಿಟ್ಟ. ಎರಡೂ ಕೈಗಳನ್ನು ಮದನ್ ಮುಂದೆಯೇ ಚಾಚಿದ.

"ಇನ್ನೊಂದ್ ಮುದ್ದೆ ಕೊಡಪ್ಪ," ಎಂದ.